ಮೊಂಡುಮೂಗಿಯ ಕಣ್ಣೆತ್ತರ

ಜನವರಿ 9

ಅತ್ತಿಗೆಗೆ ನಮಸ್ಕಾರ.

ಸಂಗತಿ ಇಷ್ಟು. ಜನ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಇದೆಯಲ್ಲ, ಅದಕ್ಕೆ ನಾನೂ, ಪರದೆಯ ಚಿತ್ರಗಳಿಗೆ ಬಣ್ಣ ಹಚ್ಚುವ ನನ್ನ ಗೆಳೆಯ ಪೇಂಟರನೂ ಸೇರಿ ಹೊಸದೊಂದು ಪ್ರಯಾಣಿಕ ವಿಮಾನ ಕಟ್ಟುತ್ತಿದ್ದೇವೆ. ಸಿಮ್ಯುಲೇಟರಿನ ಜೊತೆಗೇ ಬರುವ ವಿಮಾನಗಳು ಸಾಲುವುದಿಲ್ಲ ಎನ್ನುವವರು ಇಂಥವನ್ನು ಬೇರೆಯಾಗಿ ತಂದು ಸೇರಿಸಿಕೊಳ್ಳುತ್ತಾರೆ. ನಾವು ಆರಿಸಿಕೊಂಡದ್ದು ನೀವು ಹಾರಿಸುವ ವಿಮಾನವನ್ನೇ. ನಿಮ್ಮ ಕಂಪನಿಯಲ್ಲಿ ಅದನ್ನು ಮೊಂಡುಮೂಗಿ ಎನ್ನುತ್ತಾರಂತೆ, ಅಣ್ಣ ಹೇಳಿದ. ನಾವೂ ಹಾಗೇ ಕರೆಯುತ್ತಿದ್ದೇವೆ. ಮೇ ತಿಂಗಳಲ್ಲಿ ಬಿಡುಗಡೆ ಮಾಡಬೇಕೆಂದಿದೆ.

ಹೊರಮೈ ಮುಗಿದಿದೆ. ತೊಡಕಿರುವುದು ಕಾಕ್‌ಪಿಟ್ಟಿನಲ್ಲಿ. ಯಾವ ಸ್ವಿಚ್ಚು ಏನು ಮಾಡುತ್ತದೆಂದು ಕೈಪಿಡಿ ಹೇಳುತ್ತದೆ. ಯಾವುದು ಬಿಗಿ, ಯಾವುದು ಸಡಿಲ ಎಂದು ಹೇಳುವುದಿಲ್ಲ. ಎಂಜಿನ್ ಲಿವರನ್ನು ಪೂರ್ತಿ ಹಿಂದಕ್ಕೆಳೆದರೆ ಅದು ಮೆತ್ತಗೆ ನಿಲ್ಲುತ್ತದೆಯೇ, ಟಕ್ಕೆಂದು ನಿಲ್ಲುತ್ತದೆಯೇ? ಬಣ್ಣ ಎಲ್ಲೆಲ್ಲಿ ಸವೆದಿದೆ? ಇದು ಪೇಂಟರನ ಪ್ರಶ್ನೆ. ಒಳಾಂಗಣದ ಚಿತ್ರಗಳನ್ನು ಅಚ್ಚು ಹಾಕಿಸಿ ಇಟ್ಟಿದ್ದೇನೆ. ತಪ್ಪಿದ್ದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕಳಿಸಿ.

ಫೋನ್ ಮಾಡಿದ್ದೆ. ಅಣ್ಣನೇ ಎತ್ತಿ, "ಅವಳು ಬರೆದು ಕಳಿಸು ಅಂತಾಳೆ. ಕೆಲಸದ ವಿಷಯ ಬಾಯಿಮಾತಲ್ಲಿ ಬೇಡವಂತೆ" ಎಂದ. ನಿಮ್ಮ ಶಿಸ್ತು ಗೊತ್ತಿದ್ದದ್ದೇ. ಉತ್ತರ ಯಾವ ಊರಿನ ಹೋಟೆಲಿನಿಂದ ಬರುತ್ತದೋ ಎಂದು ಕಾಯುತ್ತಿರುತ್ತೇನೆ.

ಅಮ್ಮ ನಿಮ್ಮನ್ನು ಕೇಳಿದಳು. ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿ, "ಅವಳು ಹಾರಿಸಿದ್ರೆ ಜನ ಊರು ಮುಟ್ತಾರೆ. ನೀನು ಬೆಳಗ್ಗೆಯಿಂದ ಹಾರಿಸ್ತಿದ್ದೀಯ, ಅಡಿಗೆಮನೇವರೆಗೂ ಮುಟ್ಟಿಲ್ಲ" ಎಂದಳು.

ನಿಮ್ಮ ಮೈದುನ

*

ಜನವರಿ 20

ಮೈದುನ ಮಹಾಶಯರಿಗೆ,

ಚಿತ್ರಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ಪೆನ್ಸಿಲ್ ಸಾಲದೆ ಕೆಂಪು ಶಾಯಿ ಬಳಸಬೇಕಾಯಿತು. ಬೇಸರಪಡಬೇಡ.

ನಿನ್ನ ಪೇಂಟರನ ಕಾಕ್‌ಪಿಟ್ಟು ತೊಳೆದು ಬೋರಲು ಹಾಕಿದ ಪಾತ್ರೆಯಂತಿದೆ. ಅಷ್ಟು ಹೊಳಪು ಕಾರ್ಖಾನೆಯಿಂದ ಬಂದ ದಿನವೂ ಇರುವುದಿಲ್ಲ. ಇಳಿಯುವ ದೀಪದ ಸ್ವಿಚ್ಚಿನ ತುದಿಯಲ್ಲಿ ಬಣ್ಣ ಪೂರ್ತಿ ಹೋಗಿ ಲೋಹ ಕಾಣಬೇಕು. ಎಡ ಕುರ್ಚಿಯ ತೋಳಿನ ಹೊಲಿಗೆ ಬಿಟ್ಟಿರಬೇಕು. ನೆಲದ ಮೇಲೆ ವಿಮಾನ ತಿರುಗಿಸುವ ಪುಟ್ಟ ಹಿಡಿಯ ಮೇಲೆ ಒಂದು ಗೀರು ಇತ್ತು. ಅದು ನನ್ನ ಉಂಗುರದ್ದು, ಹಾಕಬೇಡ. ಲಿವರ್ ಟಕ್ಕೆಂದು ನಿಲ್ಲುವುದಿಲ್ಲ. ಕೊನೆಗೆ ಬರುವಾಗ ಒಂದಿಷ್ಟು ಪ್ರತಿರೋಧ, ಆಮೇಲೆ ಸುಮ್ಮನೆ ನಿಲ್ಲುತ್ತದೆ, ಬೈಸಿಕೊಂಡ ದೊಡ್ಡವರಂತೆ.

ಇಳಿಯುವಾಗ ಎಲ್ಲಿ ನೋಡಬೇಕೆಂದು ನೀನು ಕೇಳಿಲ್ಲ. ಕೇಳಬೇಕಿತ್ತು. ನೆಲ ಹತ್ತಿರ ಬಂದಾಗ ದೃಷ್ಟಿಯನ್ನು ರನ್‌ವೇಯ ಆಚೆ ತುದಿಗೆ ಎತ್ತಬೇಕು. ಮುಂದಿನ ಫಲಕದ ಅಂಚಿನ ಮೇಲೆ ಆ ತುದಿ ಎಲ್ಲಿ ಕೂರುತ್ತದೆಂಬುದೇ ಎಲ್ಲ. ಆ ಚಿತ್ರ ಮನಸ್ಸಿನಲ್ಲಿ ಅಚ್ಚಾಗಿರುತ್ತದೆ. ಅದನ್ನು ಯಾರೂ ಬಾಯಲ್ಲಿ ಕಲಿಸಲಾರರು.

ಎಲ್ಲಿಂದ ಬರೆದರೇನು, ಮೇಜು ಮೇಜೇ. ಅತ್ತೆಯವರಿಗೆ ನಾನು ಚೆನ್ನಾಗಿದ್ದೇನೆಂದು ಹೇಳು.

ಅತ್ತಿಗೆ

*

ಫೆಬ್ರವರಿ 6

ಅತ್ತಿಗೆಗೆ ನಮಸ್ಕಾರ.

ಕೆಂಪು ಶಾಯಿ ನೋಡಿ ಪೇಂಟರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಗುರುತುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ, "ನಿಮ್ಮತ್ತಿಗೆ ಪೈಲಟ್ಟಾ, ಇಲ್ಲ ಪರೀಕ್ಷೆ ಪೇಪರ್ ತಿದ್ದೋರಾ?" ಎಂದ. ಈಗ ನೀವು ಹೇಳಿದ್ದನ್ನೆಲ್ಲ ಸವೆಸಿದ್ದಾನೆ. ಸವೆಸುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲವಂತೆ. ಬೇಡವೆಂದರೂ ಉಂಗುರದ ಗೀರನ್ನೂ ಹಾಕಿಬಿಟ್ಟಿದ್ದಾನೆ. ಅದು ಬಂದ ಮೇಲೆ ಆ ಹಿಡಿ ಯಾರೋ ಹಿಡಿದದ್ದರಂತೆ ಕಾಣುತ್ತಿದೆ. ಇರಲಿ ಬಿಡಿ.

ಮೊದಲ ಆವೃತ್ತಿ ಪೆನ್ ಡ್ರೈವಿನಲ್ಲಿದೆ. ಹಾರಿಸಲು ಬೇಕಾದ ಸ್ಟಿಯರಿಂಗು, ಪೆಡಲುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ನಿಜವಾದದ್ದನ್ನು ದಿನಾ ಹಾರಿಸುವವರಿಗೆ ಇದು ಮಕ್ಕಳಾಟ ಅನ್ನಿಸಬಹುದು. ಡ್ಯೂಟಿಯ ನಡುವೆ ಬಿಡುವಾದಾಗ ಒಂದು ಸಲ ಇಳಿಸಿ ನೋಡಿದರೆ ಸಾಕು.

ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕಲೇ?

ನಿಮ್ಮ ಮೈದುನ

*

ಫೆಬ್ರವರಿ 19

ಮೈದುನ ಮಹಾಶಯರಿಗೆ,

ಊಟದ ಮೇಜು ಈಗ ವಿಮಾನ. ನಿಮ್ಮಣ್ಣ ನನ್ನ ಸಹಪೈಲಟ್. ಚಕ್ರ ಇಳಿಸಿ ಎಂದರೆ, "ಸ್ವಲ್ಪ ಜುಮ್ ಅನ್ನತ್ತೆ, ಹೆದರ್ಕೋಬೇಡಿ" ಎನ್ನುತ್ತಾರೆ. ಹಲ್ಲಿನ ಡಾಕ್ಟರನ್ನು ಕಾಕ್‌ಪಿಟ್ಟಿಗೆ ಸೇರಿಸಬಾರದು.

ಮೊದಲನೆಯ ಸಲವೇ ಇಳಿಸಿದೆ. ಮೂಗು ಎತ್ತಿದೆ, ಹಿಡಿದೆ, ಚಕ್ರ ತಾಗಿತು. ತಾಗಿದ್ದು ಗೊತ್ತಾಗಲಿಲ್ಲ ಎಂದು ನಿಮ್ಮಣ್ಣ ಹೇಳಿದರು. ಮತ್ತೆ ಇಳಿಸಿದೆ. ಆಮೇಲೆ ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ತಪ್ಪುಗಳ ಪಟ್ಟಿ ಇನ್ನೊಂದು ಹಾಳೆಯಲ್ಲಿದೆ. ವೈಪರಿನ ಸದ್ದು ಅಡಿಗೆಮನೆಯ ಮಿಕ್ಸರಿನಂತಿದೆ, ಸರಿಮಾಡು. ಉಳಿದಂತೆ, ನೀನು ಕಟ್ಟಿರುವುದು ಆಟದ ಸಾಮಾನಲ್ಲ. ಎಲ್ಲಿ ಏನಿರಬೇಕೋ ಅಲ್ಲಿ ಅದಿದೆ. ನಂಬಬಹುದು. ನನಗಿದು ಎಷ್ಟು ಉಪಯೋಗಕ್ಕೆ ಬಂತೆಂದು ಮುಂದೆ ಎಂದಾದರೂ ಹೇಳುತ್ತೇನೆ.

ಹೆಸರು ಬೇಡ. ಈಗ ಬೇಡ.

ಅತ್ತಿಗೆ

*

ಮಾರ್ಚ್ 5

ಅತ್ತಿಗೆಗೆ ನಮಸ್ಕಾರ.

'ನಂಬಬಹುದು' ಎಂದಿದ್ದೀರಲ್ಲ, ಅದನ್ನು ಕತ್ತರಿಸಿ ಪರದೆಯ ಮೂಲೆಗೆ ಅಂಟಿಸಿದ್ದೇನೆ. ಉಪಯೋಗದ ಮಾತಿಗೆ ಅರ್ಥವಾಯಿತು. ಹೊಸ ಪೈಲಟ್ಟುಗಳಿಗೆ ತೋರಿಸಲು ಯೋಚಿಸುತ್ತಿರಬಹುದು. ಹಾಗಾದರೆ ನಾವು ಧನ್ಯರು.

ಎರಡನೆಯ ಆವೃತ್ತಿ ಕಳಿಸಿದ್ದೇನೆ. ಮೊದಲನೆಯದನ್ನು ಊರೂರಿನ ಕೆಲವು ಹವ್ಯಾಸಿಗಳಿಗೂ ಪರೀಕ್ಷೆಗೆ ಕೊಟ್ಟಿದ್ದೆವು. ಅವರಲ್ಲಿ ಒಬ್ಬರನ್ನು ನಾವು ಕ್ಯಾಪು ಎನ್ನುತ್ತೇವೆ. ಮನೆಯಲ್ಲಿ ಕ್ಯಾಪ್ಟನ್ನರ ಟೋಪಿ ಹಾಕಿಕೊಂಡೇ ಹಾರಿಸುವುದು, ಇಳಿದ ಮೇಲೆ ಹೆಂಡತಿಗೆ ಧನ್ಯವಾದ ಘೋಷಿಸುವುದು. ಹಾಸ್ಯಕ್ಕಲ್ಲ, ಶ್ರದ್ಧೆಯಿಂದ. ಅವರೆಲ್ಲರ ದೂರುಗಳನ್ನು ಕೇಳಿ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿದ್ದೇವೆ. ನಿಮಗೆ ಬರೆಯುವಷ್ಟು ದೊಡ್ಡವೇನಲ್ಲ. ವೈಪರ್ ಈಗ ವೈಪರಿನಂತಿದೆ.

ಅಡ್ಡಗಾಳಿಯಲ್ಲಿ ಇಳಿಸಿ ನೋಡಿ, ಉದ್ದವಾಗಿ ಬೈದು ಬರೆಯಿರಿ.

ನಿಮ್ಮ ಮೈದುನ

*

ಮಾರ್ಚ್ 24

ಮೈದುನನಿಗೆ,

ವಿಮಾನ ಸರಿಯಾಗಿದೆ. ಬದಲಿಸಬೇಕಾದದ್ದು ಏನೂ ಇಲ್ಲ. ಬಿಡುಗಡೆ ಮಾಡಬಹುದು.

ಸ್ಟಿಯರಿಂಗು, ಪೆಡಲುಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ನಿಮ್ಮಣ್ಣ ಆ ಕಡೆ ಬರುವಾಗ ತರುತ್ತಾರೆ.

ಅತ್ತಿಗೆ

*

ಮಾರ್ಚ್ 30

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಪೇಂಟರ್ ಓದಿ, "ಫುಲ್ ಮಾರ್ಕ್ಸ್!" ಎಂದು ಕುಣಿದ. ನನಗೆ ಹಾಗನ್ನಿಸಲಿಲ್ಲ. ವೈಪರಿನ ಸದ್ದಿಗೆ ಅರ್ಧ ಪುಟ ಬರೆಯುವವರು ಇಡೀ ವಿಮಾನಕ್ಕೆ ಮೂರು ಸಾಲು ಬರೆದರೆ, ಅವರಿಗೆ ಸಾಕಾಗಿದೆ ಎಂದರ್ಥ. ನಿಮ್ಮ ವೇಳೆಯನ್ನು ಹೆಚ್ಚೇ ತೆಗೆದುಕೊಂಡೆ. ಹೆಸರು ಬೇಡವೆಂದದ್ದೂ ಈಗ ಬೇರೆ ರೀತಿ ಕೇಳಿಸುತ್ತಿದೆ. ಇಂಥದ್ದರ ಜೊತೆ ನಿಜವಾದ ಪೈಲಟ್ಟಿನ ಹೆಸರು ಇರಬಾರದು ಎನ್ನಿಸಿದ್ದರೆ ಅದೂ ನ್ಯಾಯವೇ.

ಪೆಟ್ಟಿಗೆಗೆ ಅವಸರವಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ, ಬಳಕೆದಾರರ ಪುಸ್ತಿಕೆಗಾಗಿ. ಎರಡು ಮುಂಗಾಜುಗಳ ನಡುವಿನ ಕಂಬದ ಮೇಲೆ ಸಾಲಾಗಿ ಮೂರು ಪುಟ್ಟ ಚೆಂಡುಗಳಿವೆ, ಆಚೀಚೆ ಕೆಂಪು, ನಡುವೆ ಬಿಳಿ. ಫೋಟೋದಲ್ಲಿದ್ದವೆಂದು ನಾವೂ ಇಟ್ಟೆವು. ಅವು ಯಾತಕ್ಕೆಂದು ಕ್ಯಾಪು ಕೇಳುತ್ತಿದ್ದಾರೆ. ಪೇಂಟರ್, "ಅಲಂಕಾರಕ್ಕೆ ಅಂತ ಬರಿ" ಎನ್ನುತ್ತಾನೆ. ಹಾಗೆಯೇ ಬರೆಯಲೇ?

ನಿಮ್ಮ ಮೈದುನ

*

ಏಪ್ರಿಲ್ 6

ಮೈದುನನಿಗೆ,

ಅಲಂಕಾರಕ್ಕಲ್ಲ. ಆ ಚೆಂಡುಗಳು ಪೈಲಟ್ಟಿನ ಕಣ್ಣು ಎಲ್ಲಿರಬೇಕೆಂದು ಹೇಳುತ್ತವೆ. ಎತ್ತರದವರು, ಕುಳ್ಳಗಿನವರು ಎಲ್ಲರೂ ಅದೇ ಕುರ್ಚಿಯಲ್ಲಿ ಕೂರುತ್ತಾರಲ್ಲ. ಕೂತವರು ಕುರ್ಚಿಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಿ, ನಡುವಿನ ಬಿಳಿ ಚೆಂಡು ಆಚೆಯ ಕೆಂಪು ಚೆಂಡನ್ನು ಪೂರ್ತಿ ಮುಚ್ಚುವಂತೆ ಮಾಡಿಕೊಳ್ಳಬೇಕು. ಆಗ ಕಣ್ಣು ಸರಿಯಾದ ಜಾಗದಲ್ಲಿದೆ ಎಂದರ್ಥ. ಅಲ್ಲಿಂದ ಮಾತ್ರ ರನ್‌ವೇ ಇರಬೇಕಾದಂತೆ ಕಾಣುತ್ತದೆ. ಇದನ್ನು ಪ್ರತಿ ಹಾರಾಟಕ್ಕೂ ಮೊದಲು ಯೋಚಿಸದೆ ಮಾಡುತ್ತಿದ್ದೆ. ಊಟದ ಕುರ್ಚಿಯಲ್ಲಿ ಕೂತಾಗ ಮಾಡಬೇಕೆಂದು ಹೊಳೆಯಲೇ ಇಲ್ಲ.

ನಿನ್ನ ಪತ್ರ ಓದಿದ ಮೇಲೆ ಕಂಪ್ಯೂಟರ್ ಹಚ್ಚಿ ನೋಡಿದೆ. ಎರಡನೆಯ ಆವೃತ್ತಿಯಲ್ಲಿ ಬಿಳಿ ಚೆಂಡಿನ ಮೇಲೆ ಕೆಂಪು ಚೆಂಡು ಇಣುಕುತ್ತಿದೆ. ಅಂದರೆ ಕಣ್ಣು ಎತ್ತರದಲ್ಲಿದೆ. ಮೊದಲನೆಯದರಲ್ಲಿ ಹೇಗಿತ್ತೋ ನೆನಪಿಲ್ಲ, ಆ ಪೆನ್ ಡ್ರೈವಿನಲ್ಲಿ ನಿಮ್ಮಣ್ಣ ಕ್ಲಿನಿಕ್ಕಿನ ಎಕ್ಸ್‌ರೇಗಳನ್ನು ತುಂಬಿಕೊಂಡಿದ್ದಾರೆ.

ಎರಡು ಆವೃತ್ತಿಗಳ ನಡುವೆ ನೋಟದ ಜಾಗವನ್ನು ಸರಿಸಿದೆಯಾ? ಎಷ್ಟು, ಯಾವ ಕಡೆಗೆ? ಬೇರೇನೂ ಬರೆಯಬೇಡ. ಇದಕ್ಕೆ ಮಾತ್ರ ಕೂಡಲೇ ಉತ್ತರಿಸು.

ಅತ್ತಿಗೆ

*

ಏಪ್ರಿಲ್ 11

ಅತ್ತಿಗೆಗೆ ನಮಸ್ಕಾರ.

ಸರಿಸಿದೆ. ಒಂದು ಗೇಣಿನಷ್ಟು ಮೇಲಕ್ಕೆ, ಅಷ್ಟೇ ಹಿಂದಕ್ಕೆ, ಸ್ವಲ್ಪ ತಲೆ ಬಗ್ಗಿಸಿದಂತೆ. ಮೊದಲನೆಯದರಲ್ಲಿ ಕೈಪಿಡಿಯ ನಕ್ಷೆಯಲ್ಲಿದ್ದ ಜಾಗವೇ ಇತ್ತು. ಆದರೆ ಮನೆಯ ಸಣ್ಣ ಪರದೆಯಲ್ಲಿ ಅಲ್ಲಿಂದ ಕೆಳಗಿನ ಮೀಟರುಗಳು ಕಾಣುವುದಿಲ್ಲವೆಂದು ಪರೀಕ್ಷಕರೆಲ್ಲ ಗಲಾಟೆ ಮಾಡಿದರು. "ದುಡಿದು ಬಣ್ಣ ಸವೆಸಿದ್ದು ಯಾರಿಗೂ ಕಾಣದೆ ಇರೋದಕ್ಕಾ?" ಎಂದು ಪೇಂಟರನೂ ಹಿಡಿದುಕೊಂಡ. ನಿಮಗೆ ಹೇಳಿದರೆ ಬೈಯುತ್ತೀರೆಂದು ಗೊತ್ತಿತ್ತು. ಅದಕ್ಕೇ 'ಸಣ್ಣಪುಟ್ಟ' ಎಂದು ಬರೆದೆ.

ಬೇರೇನೂ ಬರೆಯಬೇಡ ಎಂದಿರಿ, ಆದರೂ ಇದೊಂದು. ಅಮ್ಮ ನಿಮ್ಮ ಹಿಂದಿನ ಪತ್ರವನ್ನು ನನ್ನಿಂದ ಓದಿಸಿಕೊಂಡಳು. ಚೆಂಡಿನ ಕಥೆ ಅವಳಿಗೆ ಬೇಕಾಗಿರಲಿಲ್ಲ. "ಮಾಡುತ್ತಿದ್ದೆ ಅಂತ ಯಾಕೆ ಬರೆದಿದ್ದಾಳೆ? ಮಾಡ್ತೀನಿ ಅಂತ ಯಾಕಿಲ್ಲ? ಅವಳ ದನಿ ಕೇಳಿ ಎಷ್ಟು ದಿನ ಆಯ್ತು ಗೊತ್ತಾ ನಿಂಗೆ? ಫೋನ್ ಮಾಡಿದಾಗೆಲ್ಲ ನಿನ್ನಣ್ಣಾನೇ ಎತ್ತೋದು" ಎಂದಳು. ನನಗದು ಹೊಳೆದೇ ಇರಲಿಲ್ಲ.

ಹಳೆಯ ನೋಟಕ್ಕೆ ತಿರುಗಿಸಿದ ವಿಮಾನವನ್ನು ಜೊತೆಗಿಟ್ಟಿದ್ದೇನೆ.

ನಿಮ್ಮ ಮೈದುನ

*

ಏಪ್ರಿಲ್ 22

ಪ್ರೀತಿಯ ಮೈದುನನಿಗೆ,

ಅತ್ತೆಯವರು ಸರಿಯಾಗಿಯೇ ಓದಿದ್ದಾರೆ. ಕಳೆದ ಅಕ್ಟೋಬರಿನಿಂದ ನಾನು ಹಾರಿಲ್ಲ.

ಒಂದು ಬೆಳಿಗ್ಗೆ ಹಾಸಿಗೆಯಿಂದೇಳುವಾಗ ಕೋಣೆ ತಿರುಗಿತು. ಬಾಗಿಲು ಹಿಡಿಯಲು ಹೋದರೆ ಬಾಗಿಲು ಅಲ್ಲಿರಲಿಲ್ಲ. ಎಡಗಿವಿಯ ಒಳಗೆ ಸೋಂಕು ಎಂದರು. ವಾಸಿಯಾಗುವಂಥದ್ದು, ಆದರೆ ನಿಧಾನ. ಪೈಲಟ್ಟಿನ ವೈದ್ಯಕೀಯ ಪರವಾನಗಿಯನ್ನು ತಡೆಹಿಡಿದರು. ಫೋನಿನ ಮಾತು ಕಿವಿಯೊಳಗಿನ ಗುಂಯ್ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಬರೆದು ಕಳಿಸು ಎಂದದ್ದು ಅದಕ್ಕೆ, ಶಿಸ್ತಿಗಲ್ಲ. ಯಾರಿಗೂ ಹೇಳಬೇಡಿ ಎಂದು ನಿಮ್ಮಣ್ಣನ ಬಾಯಿಗೆ ನಾನೇ ಬೀಗ ಹಾಕಿದ್ದೆ. ಹೇಳಿದರೆ ಎಲ್ಲರೂ ನನ್ನನ್ನು ಹಾರಲಾರದವಳೆಂದು ನೋಡತೊಡಗುತ್ತಾರೆ, ಆಮೇಲೆ ನಾನೂ ನೋಡಿಕೊಳ್ಳುತ್ತೇನೆ ಎಂಬ ಭಯ.

ತಲೆ ತಿರುಗುವುದು ಫೆಬ್ರವರಿಯ ಹೊತ್ತಿಗೆ ನಿಂತಿತ್ತು. ಮೇ ತಿಂಗಳಲ್ಲಿ ವೈದ್ಯರ ಮಂಡಳಿಯೆದುರು ನಿಲ್ಲಬಹುದು, ಇಲ್ಲವೇ ವೇಳಾಪಟ್ಟಿ ವಿಭಾಗದ ಕುರ್ಚಿಯನ್ನು ಶಾಶ್ವತವಾಗಿ ಒಪ್ಪಿಕೊಳ್ಳಬಹುದು ಎಂದು ಕಂಪನಿ ಹೇಳಿತು. ಏಪ್ರಿಲ್ ಮುಗಿಯುವುದರೊಳಗೆ ತಿಳಿಸಬೇಕಿತ್ತು. ಅದೇ ಹೊತ್ತಿಗೆ ನಿನ್ನ ವಿಮಾನ ಬಂತು. ನಾನು ನಿನಗಾಗಿ ಅದನ್ನು ಪರೀಕ್ಷಿಸುತ್ತಿರಲಿಲ್ಲ. ಅದರಿಂದ ನನ್ನನ್ನು ಪರೀಕ್ಷಿಸಿಕೊಳ್ಳುತ್ತಿದ್ದೆ.

ಮೊದಲ ಆವೃತ್ತಿಯಲ್ಲಿ ಇಳಿಸಿದ ದಿನ ಮಂಡಳಿಗೆ ಹೋಗುವುದೆಂದು ಮನಸ್ಸು ಮಾಡಿದೆ. ಎರಡನೆಯದರಲ್ಲಿ ಎಲ್ಲ ಕೆಟ್ಟಿತು. ಪ್ರತಿ ಸಲವೂ ಮೂಗನ್ನು ಹೆಚ್ಚು ಎತ್ತಿದೆ. ವಿಮಾನ ತೇಲಿಕೊಂಡು ಹೋಗಿ, ರನ್‌ವೇಯ ಅರ್ಧ ದಾಟಿ ಧೊಪ್ಪನೆ ಬೀಳುತ್ತಿತ್ತು. ಎರಡು ಸಲ ಬಾಲ ನೆಲಕ್ಕೆ ಉಜ್ಜಿತು. ನಿಮ್ಮಣ್ಣ, "ಅದು ಕಂಪ್ಯೂಟರ್ ತಾನೇ, ಅದಕ್ಕೇನಾಗಿದೆಯೋ" ಎಂದರು. ನಾನು, "ಅದಕ್ಕೇನೂ ಆಗಿಲ್ಲ. ಅವನು ತಪ್ಪು ಕಟ್ಟೋನಲ್ಲ. ಆಗಿರೋದು ನಂಗೇ" ಎಂದೆ. ಮನಸ್ಸಿನಲ್ಲಿ ಅಚ್ಚಾಗಿದ್ದ ಚಿತ್ರ ಅಳಿಸಿಹೋಗಿದೆ ಎಂದುಕೊಂಡೆ. ಆ ಮೂರು ಸಾಲಿನ ಪತ್ರ ಬರೆದದ್ದು ಅಂದು. ವೇಳಾಪಟ್ಟಿಯ ಕುರ್ಚಿ ಸಾಕು ಎಂದು ನಿಮ್ಮಣ್ಣನಿಗೂ ಅಂದೇ ಹೇಳಿದೆ. ನೀನು ಬೇಜಾರು ಮಾಡಿಕೊಂಡದ್ದು ಗೊತ್ತಾಯಿತು. ಆದರೆ ಅದಕ್ಕೆ ಉತ್ತರ ಕೊಡಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ನಿನ್ನ ಉತ್ತರ ಬಂದ ಮೇಲೆ ಲೆಕ್ಕ ಹಾಕಿದೆ. ಕಣ್ಣು ಎತ್ತರವಾದರೆ ಫಲಕದ ಅಂಚು ತಗ್ಗಿದಂತೆ ಕಾಣುತ್ತದೆ. ಮೂಗು ಸರಿಯಾಗಿಯೇ ಇದ್ದರೂ ಬಾಗಿದೆ ಅನ್ನಿಸುತ್ತದೆ. ನನ್ನೊಳಗಿನ ಚಿತ್ರ ಅಳಿಸಿರಲಿಲ್ಲ. ಆ ಚಿತ್ರವನ್ನು ಪರದೆಯಲ್ಲಿ ಕೂಡಿಸಲು ಹೋಗಿಯೇ ನಾನು ಮೂಗು ಎತ್ತುತ್ತಿದ್ದೆ. ಅದು ಇದ್ದದ್ದರಿಂದಲೇ ನಾನು ತಪ್ಪಿದೆ.

ಪೆಟ್ಟಿಗೆ ಬಿಚ್ಚಿದೆ. ಸ್ಕ್ರೂಗಳನ್ನು ನಿಮ್ಮಣ್ಣ ತಮ್ಮ ಕ್ಲಿನಿಕ್ಕಿನ ಸಲಕರಣೆಯಿಂದ ಬಿಗಿದರು. ಬಿಳಿ ಚೆಂಡು ಕೆಂಪನ್ನು ಮುಚ್ಚಿತ್ತು. ಇಳಿಸಿದೆ. ಹೇಗೆ ಇಳಿಯಿತೆಂದು ಬರೆಯುವುದಿಲ್ಲ, ಜಂಬವಾಗುತ್ತದೆ.

ಊಟದ ಮೇಜಿನ ಮೇಲೆ ಇಳಿಸಿದ್ದಕ್ಕೆ ಯಾರೂ ಪರವಾನಗಿ ಕೊಡುವುದಿಲ್ಲ. ನನ್ನ ಕಿವಿ ಹೇಗಿದೆಯೆಂದು ನಿನ್ನ ವಿಮಾನಕ್ಕೆ ಗೊತ್ತಿಲ್ಲ. ನನ್ನ ವಿರುದ್ಧ ನಾನೇ ಕೊಟ್ಟುಕೊಂಡಿದ್ದ ಸಾಕ್ಷಿ ಬಿದ್ದುಹೋಯಿತು, ಅಷ್ಟೆ. ಮಂಡಳಿಗೆ ಬರುತ್ತೇನೆಂದು ನಿನ್ನೆ ಕಂಪನಿಗೆ ತಿಳಿಸಿದೆ.

ನಿನಗೂ ಒಂದು ಮಾತು. ಅವರು ಕೇಳಿದ್ದನ್ನು ಕೊಡು, ಬೇಡವೆನ್ನುವುದಿಲ್ಲ. ಆದರೆ ವಿಮಾನದೊಳಗೆ ಕಾಲಿಟ್ಟವರ ಕಣ್ಣು ಮೊದಲು ಇರಬೇಕಾದ ಜಾಗದಲ್ಲಿರಲಿ. ಆಮೇಲೆ ಬೇಕಾದವರು ಎದ್ದು ನಿಂತು ನೋಡಿಕೊಳ್ಳಲಿ.

ನಿನ್ನ ಅತ್ತಿಗೆ

*

ಏಪ್ರಿಲ್ 29

ಅತ್ತಿಗೆ,

ಒಂದು ಗೇಣು. ಮೌಸನ್ನು ಸ್ವಲ್ಪ ಎಳೆದದ್ದು, ಅಷ್ಟೆ. ಅದರಾಚೆ ನೀವು ಕೂತಿದ್ದಿರಿ.

ಅಮ್ಮನಿಗೆ ಓದಿ ಹೇಳಿದೆ. ಮೊದಲು ಅತ್ತಳು, ಆಮೇಲೆ ಬೈದಳು. "ಗಂಡ ಹೆಂಡ್ತಿ ಸೇರ್ಕೊಂಡು ಇಷ್ಟು ತಿಂಗಳು ನನ್ನ ಮಂಗ ಮಾಡಿದ್ರಲ್ಲ! ಹಲ್ಲು ಕೀಳೋನಿಗೆ ಒಂದು ಮಾತು ಕೀಳೋಕೆ ಆಗಲಿಲ್ವಾ ಬಾಯಿಂದ?" ಇದನ್ನು ಅಣ್ಣನಿಗೆ ಹಾಗೇ ಮುಟ್ಟಿಸಬೇಕಂತೆ. ನಿಮಗೆ ಹೇಳಿದ್ದು ಬೇರೆ: "ಕಿವಿ ಕೇಳ್ದಿದ್ರೆ ಕೇಳ್ದೇ ಹೋಗ್ಲಿ, ನಾನು ಕಿರುಚಿ ಮಾತಾಡ್ತೀನಿ. ಬಂದು ನಾಲ್ಕು ದಿನ ಇರು ಅಂತ ಬರಿ."

ಬಿಡುಗಡೆಯನ್ನು ಜೂನಿಗೆ ಹಾಕಿದ್ದೇವೆ. ವಿಮಾನ ತೆರೆದಾಗ ನೋಟ ಚೆಂಡುಗಳು ಹೇಳುವ ಜಾಗದಲ್ಲೇ ಇರುತ್ತದೆ. ಮೀಟರು ನೋಡಬೇಕಾದವರು ಒಂದು ಗುಂಡಿ ಒತ್ತಿ ಬಗ್ಗಿ ನೋಡಬಹುದು. ಗುಂಡಿ ಬಿಟ್ಟರೆ ಕಣ್ಣು ತನ್ನ ಜಾಗಕ್ಕೆ ಮರಳುತ್ತದೆ. ಪೇಂಟರನನ್ನು ಒಪ್ಪಿಸಬೇಕಾಗಲಿಲ್ಲ, ನಿಮ್ಮ ಪತ್ರವನ್ನು ಅವನ ಮುಂದಿಟ್ಟು ಕಾಫಿ ತರಲು ಹೋದೆ, ಬರುವಷ್ಟರಲ್ಲಿ ಬದಲಿಸಿದ್ದ. ಕ್ಯಾಪು ಮಾತ್ರ ಒಂದು ದಿನ ಜಗಳವಾಡಿದರು. ಮರುದಿನ ಅವರದೇ ಸಂದೇಶ: "ಏನೂ ಕಾಣ್ತಿಲ್ಲ ಸಾರ್. ಆದ್ರೆ ಇಳಿಸೋದು ಸಲೀಸಾಗಿಬಿಟ್ಟಿದೆ. ಇದ್ಯಾವ ನ್ಯಾಯ?"

ಮಂಡಳಿಯ ದಿನ ನಾನು ಬಂದು ಹೊರಗೆ ಕೂತಿರಲೇ? ಬೇಡವೆಂದರೆ ಬರುವುದಿಲ್ಲ.

ನಿಮ್ಮ ಮೈದುನ

*

ಮೇ 10

ಪ್ರೀತಿಯ ಮೈದುನನಿಗೆ,

ಬಾ. ಅತ್ತೆಯವರನ್ನೂ ಕರೆದುಕೊಂಡು ಬಾ. ಆದರೆ ಕಿರುಚುವುದು ಬೇಡ, ಗುಂಯ್ ಸದ್ದು ಬಹಳ ಕಡಿಮೆಯಾಗಿದೆ. ಕೃತಜ್ಞತೆಯ ಪುಟದಲ್ಲಿ ಹೆಸರಿನ ಬದಲು 'ಅತ್ತಿಗೆ' ಎಂದು ಹಾಕು. ಮಂಡಳಿ ಏನೇ ಹೇಳಿದರೂ ಹಾಕು.

ಇದೇ 20ರ ಬೆಳಿಗ್ಗೆ ಕರೆದಿದ್ದಾರೆ. ಮೊದಲು ಕಿವಿ ಕೇಳುವ ಪರೀಕ್ಷೆ, ಅದರ ಭಯವಿಲ್ಲ. ಆಮೇಲೆ ತಿರುಗುವ ಕುರ್ಚಿ. ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿ, ಸುತ್ತಿಸಿ, ಥಟ್ಟನೆ ನಿಲ್ಲಿಸುತ್ತಾರೆ. ಕುರ್ಚಿ ನಿಂತ ಮೇಲೂ ಎಲ್ಲರಿಗೂ ಸ್ವಲ್ಪ ಹೊತ್ತು ತಿರುಗುತ್ತಿರುವಂತೆಯೇ ಇರುತ್ತದೆ. ಅದು ಪೂರ್ತಿ ನಿಂತಿತು ಅನ್ನಿಸಿದಾಗ ಕೈ ಎತ್ತಬೇಕು. ನಿಂತ ಹೊತ್ತಿಗೂ ಕೈ ಎತ್ತಿದ ಹೊತ್ತಿಗೂ ನಡುವಿನ ಅಂತರವನ್ನು ಅವರು ಬರೆದುಕೊಳ್ಳುತ್ತಾರೆ, ಅದು ಹೆಚ್ಚಾದರೆ ಪರವಾನಗಿ ಇಲ್ಲ.

ಬೇಗ ಎತ್ತಿಬಿಡುವುದು ಸುಲಭ. ಪಟ್ಟಿ ಕಟ್ಟಿದ ಕಣ್ಣೊಳಗೆ ಏನು ನಡೆಯುತ್ತಿದೆಯೆಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಹಾಗೆ ಮಾಡಿ ಪಾಸಾದವರನ್ನು ನಾನು ಬಲ್ಲೆ. ಈ ಕೆಲವು ದಿನ ಆ ಯೋಚನೆ ನನ್ನ ಹಿಂದೆಯೇ ಸುತ್ತಿತು. ಪಾತ್ರೆ ಒರೆಸುವಾಗ, ಮೆಟ್ಟಿಲು ಇಳಿಯುವಾಗ, ಎಡಗೈಯನ್ನು ಎಷ್ಟು ಬೇಗ ಎತ್ತಬಹುದೆಂದು ಲೆಕ್ಕ ಹಾಕುತ್ತಿದ್ದೆ. ಇಂದು ಬೆಳಿಗ್ಗೆ ಆ ಲೆಕ್ಕ ಬಿಟ್ಟೆ.

ಕೋಣೆ ನಿಂತ ಮೇಲೆಯೇ ಕೈ ಎತ್ತುತ್ತೇನೆ.

ನಿನ್ನ ಅತ್ತಿಗೆ